ಅಟ್ಟದಿಂದ ಇಳಿದ ಬಿಬಿಸಿ ಮೈಕ್ರೋ: ಎರಡು ಡ್ರೈವ್, 22 ಡಿಸ್ಕ್, ಹತ್ತು ಭಾನುವಾರ

ಸೋದರಮಾವ ತೀರ್ಥಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. 1984ರಲ್ಲಿ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು ಕೇಂದ್ರ ಸರ್ಕಾರ ಶುರು ಮಾಡಿದ ಕ್ಲಾಸ್ ಯೋಜನೆಯಲ್ಲಿ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಅನ್ನುವ ಇಂಗ್ಲೆಂಡಿನ ಕಂಪ್ಯೂಟರ್ ಕೊಟ್ಟಿದ್ದರಲ್ಲ, ಅವರ ಶಾಲೆಗೂ ಬಂದಿತ್ತು. ಆಮೇಲೆ ಹಳೇ ಸಾಮಾನು ಹರಾಜಾದಾಗ ಮಾವನೇ ಒಂದು ಸೆಟ್ ಕೊಂಡು ಅಟ್ಟಕ್ಕೆ ಏರಿಸಿಟ್ಟಿದ್ದರು. ಈ ಏಪ್ರಿಲ್‌ನಲ್ಲಿ ಮನೆ ಹೆಂಚು ಬದಲಿಸುವಾಗ ಕೆಳಗಿಳಿಯಿತು. "ಬೇಕಾದ್ರೆ ತಗೊಂಡು ಹೋಗು ಮಾರಾಯ, ಇಲ್ದಿದ್ರೆ ಗುಜರಿಯವನಿಗೆ" ಅಂದರು. ಮೈಸೂರಿಗೆ ತಂದೆ.

ಸಿಕ್ಕಿದ್ದು: ಮಾಡೆಲ್ ಬಿ ಕಂಪ್ಯೂಟರ್ ಒಂದು, ಒಂದೇ ಪೆಟ್ಟಿಗೆಯಲ್ಲಿ ಎರಡು ಐದೂಕಾಲು ಇಂಚಿನ ಫ್ಲಾಪಿ ಡ್ರೈವ್ (ಎರಡೂ ಒಂದೇ ಬದಿ ಓದುವ 40 ಟ್ರ್ಯಾಕಿನವು; ಟ್ರ್ಯಾಕ್ ಅಂದರೆ ಡಿಸ್ಕಿನ ಮೇಲೆ ಮಾಹಿತಿ ಬರೆಯುವ ಒಂದೊಂದು ವೃತ್ತ), ಒಂದು ರಿಬ್ಬನ್ ಕೇಬಲ್, ಬಿಸ್ಕತ್ತಿನ ಡಬ್ಬಿಯಲ್ಲಿ 22 ಫ್ಲಾಪಿ ಡಿಸ್ಕ್.

ಕಂಪ್ಯೂಟರ್ ಎರಡು ಭಾನುವಾರದಲ್ಲಿ ಎದ್ದು ನಿಂತಿತು. ಉಳಿದ ಎಂಟು ಡ್ರೈವಿಗೆ ಹೋಯಿತು. ಅದರಲ್ಲಿ ಅರ್ಧ, ನಾನೇ ಕೆಡಿಸಿದ್ದನ್ನು ನಾನೇ ಸರಿ ಮಾಡುವುದಕ್ಕೆ.

ಮೇ 4

ಬಿಬಿಸಿ ಮೈಕ್ರೋ ಬಿಚ್ಚುವುದು ಸುಲಭ. ಮೇಲಿನ ಮುಚ್ಚಳ ಹಿಡಿದಿರುವ ನಾಲ್ಕು ಸ್ಕ್ರೂಗಳ ಪಕ್ಕದಲ್ಲೇ 'ಫಿಕ್ಸ್' ಅಂತ ಅಚ್ಚು ಹಾಕಿದ್ದಾರೆ, ಹಿಂದೆ ಎರಡು, ಅಡಿಯಲ್ಲಿ ಎರಡು. ಒಳಗೆ ಜೇಡರ ಬಲೆ, ಎರಡು ಸತ್ತ ಜಿರಳೆ, ಕಾಳುಮೆಣಸಿನ ವಾಸನೆ. ಬೋರ್ಡಿನಲ್ಲಿ ತುಕ್ಕು ಕಾಣಲಿಲ್ಲ. ಪೇಂಟ್ ಬ್ರಷ್ ಮತ್ತು ಬ್ಲೋವರ್‌ನಿಂದ ಧೂಳು ತೆಗೆದೆ.

ಪ್ಲಗ್ ಹಾಕುವ ಮೊದಲೇ ಪವರ್ ಸಪ್ಲೈ ಬಿಚ್ಚಿದೆ. ಈ ಮಷೀನಿನ ಹೆಸರಾಂತ ಕಾಯಿಲೆ ಅಲ್ಲೇ ಇರುವುದು. ಕರೆಂಟ್ ಬರುವ ಜಾಗದಲ್ಲಿ ಕರೆಂಟಿನ ಗದ್ದಲ ಸೋಸುವ ಎರಡು ಎಕ್ಸ್2 ಕೆಪಾಸಿಟರ್ ಇವೆ, ಒಂದು 100 ನ್ಯಾನೋಫ್ಯಾರಡ್, ಇನ್ನೊಂದು 10. ನಲವತ್ತು ವರ್ಷಕ್ಕೆ ಅವುಗಳ ಪಾರದರ್ಶಕ ಹೊದಿಕೆ ಬಿರುಕು ಬಿಟ್ಟು ಒಳಗೆ ತೇವ ಹೋಗಿರುತ್ತದೆ. ಕರೆಂಟ್ ಕೊಟ್ಟ ಸ್ವಲ್ಪ ಹೊತ್ತಿಗೆ ಸಿಡಿದು ಮನೆ ತುಂಬ ಹೊಗೆ. ನನ್ನದರಲ್ಲೂ ಬಿರುಕು ಬರಿಗಣ್ಣಿಗೇ ಕಾಣುತ್ತಿತ್ತು. ಎರಡನ್ನೂ ಬದಲಿಸಿದೆ, ಜೊತೆಗೆ 220 ಮೈಕ್ರೋಫ್ಯಾರಡ್‌ನ ಎಲೆಕ್ಟ್ರೋಲಿಟಿಕ್ ಒಂದು. ಮೂರಕ್ಕೂ ಸೇರಿ 50 ರೂಪಾಯಿ.

ಮೇ 11

ಬೋರ್ಡಿನ ವೈರ್ ಕಿತ್ತು, ಡ್ರೈವಿಗೆ ಕರೆಂಟ್ ಕೊಡುವ ಅಡಿಯ ಸಾಕೆಟ್ಟಿಗೆ ಹಳೇ ಕಾರ್ ಬಲ್ಬ್ ಒಂದನ್ನು ಲೋಡ್ ಆಗಿ ಹಾಕಿ ಅಳೆದೆ. 5.04 ವೋಲ್ಟ್, 12.1 ವೋಲ್ಟ್. ಸರಿ. ಬೋರ್ಡಿಗೆ ಜೋಡಿಸಿ ಸ್ವಿಚ್ ಹಾಕಿದರೆ 'ಬೂಂ' ಅಂತ ಒಂದೇ ಸಮನೆ ಸದ್ದು. ನಿಲ್ಲುವುದೇ ಇಲ್ಲ.

ಸರಿಯಿರುವ ಮಷೀನು ಒಂದು ತಗ್ಗು, ಒಂದು ಏರು ದನಿಯಲ್ಲಿ 'ಬೂ-ಬೀಪ್' ಅಂದು ಸುಮ್ಮನಾಗಬೇಕು. ಸದ್ದು ನಿಲ್ಲಲಿಲ್ಲ ಅಂದರೆ ಪ್ರೊಸೆಸರ್ ಕೆಲಸ ಶುರು ಮಾಡಿಲ್ಲ, ಸೌಂಡ್ ಚಿಪ್ಪಿಗೆ ಬಾಯಿ ಮುಚ್ಚು ಅನ್ನುವವರು ಯಾರೂ ಇಲ್ಲ ಅಂತ ಲೆಕ್ಕ. ಹೆಚ್ಚಿನ ಸಲ ಸಾಕೆಟ್ಟಿನಲ್ಲಿ ಕೂತ ಐಸಿಗಳ (ಚಿಪ್‌ಗಳ) ಕಾಲು ಕಪ್ಪಾಗಿರುವುದೇ ಕಾರಣ. ಒಂದೊಂದನ್ನೇ ಎಬ್ಬಿಸಿ, ಕಾಲು ಉಜ್ಜಿ, ಮತ್ತೆ ಕೂರಿಸುತ್ತಾ ಹೋದೆ.

ಮೊದಲ ತಪ್ಪು ಇಲ್ಲಿ. ಆಪರೇಟಿಂಗ್ ಸಿಸ್ಟಮ್ ಕಾಯಂ ಆಗಿ ತುಂಬಿಟ್ಟಿರುವ ರೋಮ್ ಚಿಪ್, ಐಸಿ 51. ಅದನ್ನು ಸ್ಕ್ರೂಡ್ರೈವರ್‌ನಿಂದ ಒಂದೇ ಬದಿಯಿಂದ ಮೀಟಿದೆ. ಆ ತುದಿ ಎದ್ದಿತು, ಇನ್ನೊಂದು ತುದಿಯ ಕಾಲು ಮಡಚಿತು. ನೆಟ್ಟಗೆ ಮಾಡಲು ಹೋದೆ, ಪಟಕ್ ಅಂತ ಮುರಿದು ಚಾಪೆಯ ಮೇಲೆ ಬಿತ್ತು. ರೆಸಿಸ್ಟರ್ ಒಂದರ ಕಾಲು ಕತ್ತರಿಸಿ, ಐಸಿಯ ಭುಜದಲ್ಲಿ ಉಳಿದಿದ್ದ ಮಿಲಿಮೀಟರ್‌ನಷ್ಟು ಲೋಹಕ್ಕೆ ಬೆಸುಗೆ ಹಾಕಿದೆ. ಒಂದೂವರೆ ಗಂಟೆ, ಮೂರು ಸಲ ಪ್ರಯತ್ನ. ಎರಡೂ ಬದಿಯಿಂದ ಚೂರು ಚೂರೇ ಎತ್ತಿದ್ದರೆ ಹತ್ತು ಸೆಕೆಂಡಿನ ಕೆಲಸ.

ಕೂರಿಸಿ ಸ್ವಿಚ್ ಹಾಕಿದೆ. ಬೂ-ಬೀಪ್!

ಚಿತ್ರಕ್ಕೆ: ಹಿಂದೆ ಇರುವ ವಿಡಿಯೋ ಸಾಕೆಟ್ ಬಿಎನ್‌ಸಿ. ಸಿಸಿಟಿವಿ ಅಂಗಡಿಯಲ್ಲಿ ಬಿಎನ್‌ಸಿಯಿಂದ ಆರ್‌ಸಿಎಗೆ ಹಾಕುವ ಪಿನ್ ಸಿಗುತ್ತದೆ, 25 ರೂಪಾಯಿ ಕೊಟ್ಟೆ. ಟಿವಿಯ ಹಳದಿ ತೂತಿಗೆ ಹಾಕಿದರೆ ಆಯ್ತು. ಕಪ್ಪು ಬಿಳುಪಿನಲ್ಲಿ 'ಬಿಬಿಸಿ ಕಂಪ್ಯೂಟರ್ 32ಕೆ', ಅದರ ಕೆಳಗೆ 'ಏಕಾರ್ನ್ ಡಿಎಫ್‌ಎಸ್', ಅದರ ಕೆಳಗೆ 'ಬೇಸಿಕ್'. ಡಿಎಫ್‌ಎಸ್ ಅನ್ನುವ ಸಾಲು ಬಂದಿದ್ದು ಮುಖ್ಯ. ಡಿಸ್ಕ್ ಓಡಿಸುವ ರೋಮ್ ಇದೆ ಅಂತ ಅರ್ಥ. ಬೋರ್ಡಿನಲ್ಲಿ ಇಂಟೆಲ್ 8271 ಕಂಟ್ರೋಲರ್ ಕೂಡ ಇತ್ತು. ಈ ಚಿಪ್ ಆ ಕಾಲದಲ್ಲೇ ದುಬಾರಿ, ಈಗ ಸಿಗುವುದೇ ಕಷ್ಟ. ಅದರ ಕಾಲು ಮುರಿಯದೆ ಬಿಟ್ಟಿದ್ದು ನನ್ನ ಪುಣ್ಯ.

ಮೇ 18

ಡ್ರೈವ್ ಪೆಟ್ಟಿಗೆ. ಎರಡು ಡ್ರೈವಿಗೆ 0, 1 ಅಂತ ನಂಬರ್. ಡ್ರೈವ್ 0ರ ಮೋಟರ್ ತಿರುಗುತ್ತದೆ, ಡಿಸ್ಕ್ ತಿರುಗುವುದಿಲ್ಲ: ಬೆಲ್ಟ್ ಸಡಿಲ. ಪಕ್ಕಕ್ಕಿಟ್ಟೆ. ಡ್ರೈವ್ 1ರಲ್ಲಿ ಬೆಲ್ಟ್ ಬಿಗಿಯಾಗಿದೆ, ಆದರೆ ಡಿಸ್ಕ್ ಓದುವ, ಬರೆಯುವ ಹೆಡ್ ಅಲ್ಲಾಡುವುದಿಲ್ಲ. ಹೆಡ್ ಜಾರುವ ಎರಡು ಕಂಬಿಗಳ ಮೇಲಿನ ಗ್ರೀಸ್ ಒಣಗಿ ಹಳೇ ಬೆಲ್ಲದ ಹಾಗೆ ಆಗಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್ (ಅರ್ಧ ಲೀಟರ್ 280 ರೂಪಾಯಿ) ಮತ್ತು ಇಯರ್ ಬಡ್, ಅರ್ಧ ಗಂಟೆ. ಆಮೇಲೆ ಕಂಬಿಗೊಂದು ಹನಿ ಹೊಲಿಗೆ ಮಷೀನ್ ಎಣ್ಣೆ. ಬೆರಳಲ್ಲಿ ತಳ್ಳಿದರೆ ಜಾರುತ್ತದೆ. ತಳ್ಳಿ ತಳ್ಳಿ ನೋಡಿ, ಕೊನೆಗೆ ಹೊರ ತುದಿಗೆ, ಅಂದರೆ ಟ್ರ್ಯಾಕ್ ಸೊನ್ನೆಯ ಹತ್ತಿರ ಬಿಟ್ಟೆ. ಈ ಮಾತು ನೆನಪಿಟ್ಟುಕೊಳ್ಳಿ.

ಹೆಡ್ ನೋಡುವಾಗ ಇನ್ನೊಂದು ಗೊತ್ತಾಯಿತು. ಒಂದೇ ಬದಿ ಓದುವ ಡ್ರೈವ್‌ಗಳಲ್ಲಿ ಹೆಡ್ ಕೆಳಗಿರುತ್ತದೆ, ಡಿಸ್ಕನ್ನು ಅದರ ಮೇಲೆ ಒತ್ತಿ ಹಿಡಿಯಲು ಎದುರಿಗೆ ಪುಟ್ಟ ಫೆಲ್ಟ್ ತುಂಡು. ನನ್ನದರಲ್ಲಿ ಫೆಲ್ಟ್ ಉದುರಿ ಬರೀ ಪ್ಲಾಸ್ಟಿಕ್ ತೋಳು ಉಳಿದಿತ್ತು. ಮಾರ್ಕೆಟ್ಟಿನಲ್ಲಿ ಕೇಳಿದರೆ ನಗುತ್ತಾರೆ. ಹೊಳೆದಿದ್ದು ಹಾಡಿನ ಕ್ಯಾಸೆಟ್. ಅದರೊಳಗೂ ತಾಮ್ರದ ಪಟ್ಟಿಯ ಮೇಲೆ ಇಂಥದ್ದೇ ಫೆಲ್ಟ್ ಇರುತ್ತದಲ್ವಾ, ಟೇಪನ್ನು ಹೆಡ್ಡಿಗೆ ಒತ್ತಲು. ಅಮ್ಮನ ಭಾವಗೀತೆ ಕ್ಯಾಸೆಟ್ಟುಗಳಲ್ಲಿ ಟೇಪ್ ತುಂಡಾಗಿದ್ದ ಒಂದನ್ನು ಹುಡುಕಿ ಬಿಚ್ಚಿದೆ. ನಾಲ್ಕೂವರೆ ಮಿಲಿಮೀಟರ್ ಚೌಕ. ಮೂಲೆ ಕತ್ತರಿಸಿ ದುಂಡಗೆ ಮಾಡಿ, ರಬ್ಬರ್ ಅಂಟು ಹಚ್ಚಿ ಕೂರಿಸಿದೆ. ಇಡೀ ಕೆಲಸದಲ್ಲಿ ನನಗೆ ತುಂಬ ಖುಷಿ ಕೊಟ್ಟ ರಿಪೇರಿ ಇದು. ಖರ್ಚು ಸೊನ್ನೆ.

ಮೇ 25

ಅಂಟು ವಾರ ಪೂರ್ತಿ ಒಣಗಿತ್ತು. ರಿಬ್ಬನ್ ಕೇಬಲ್ ಸಿಕ್ಕಿಸಿ, ಬಿಸ್ಕತ್ ಡಬ್ಬಿಯಿಂದ ನೋಡಲು ಚೊಕ್ಕಟವಾಗಿದ್ದ ಡಿಸ್ಕ್ ಒಂದನ್ನು ಆರಿಸಿದೆ. ಮೇಲೆ ಮಾವನ ಅಕ್ಷರದಲ್ಲಿ 'ಮಾರ್ಕ್ಸ್ 2'. ಹಾಕಿ ಬಾಗಿಲು ಮುಚ್ಚಿ ಸ್ವಿಚ್ ಒತ್ತಿದೆ. ಡ್ರೈವಿನ ಕೆಂಪು ದೀಪ ಹತ್ತಿತು, ಮೋಟರ್ ತಿರುಗಿತು. ಎಷ್ಟು ಚಂದ! ಅಡುಗೆಮನೆಯಿಂದ ಹೆಂಡತಿಯನ್ನೂ ಕರೆದು ತೋರಿಸಿದೆ.

ಅರ್ಧ ನಿಮಿಷ ಆಯಿತು. ದೀಪ ಆರಲಿಲ್ಲ. ಒಂದು ಕಮಾಂಡ್ ಕೂಡ ಕೊಟ್ಟಿರಲಿಲ್ಲ ನಾನು.

ಆಗ ಹೊಳೆಯಿತು, ಕೇಬಲ್ ತಲೆಕೆಳಗು. 34 ಪಿನ್ನಿನ ಆ ಕನೆಕ್ಟರ್‌ನಲ್ಲಿ ತಪ್ಪಾಗಿ ಹೋಗದಂತೆ ತಡೆಯುವ ಪ್ಲಾಸ್ಟಿಕ್ ಚೂರು ಇರಲಿಲ್ಲ. ಉಲ್ಟಾ ಹಾಕಿದರೆ ಎಲ್ಲಾ ಸಿಗ್ನಲ್ ತಂತಿಗಳೂ ಗ್ರೌಂಡಿಗೆ ಸೇರುತ್ತವೆ. ಹಾಗೆ ಸೇರುವುದೇ ಡ್ರೈವಿಗೆ ಆಜ್ಞೆ: ಆಯ್ಕೆಯಾಗು, ತಿರುಗು, ಬರೆ. ಹೌದು, ಬರೆ. ಡಿಸ್ಕಿನ ಅಂಚಿನ ಕಚ್ಚಿಗೆ ಸ್ಟಿಕ್ಕರ್ ಅಂಟಿಸಿದ್ದರೆ ಡ್ರೈವ್ ಬರೆಯುತ್ತಿರಲಿಲ್ಲ. ನಾನು ಅಂಟಿಸಿರಲಿಲ್ಲ. ಹೆಡ್ ಹೋದ ವಾರ ಬಿಟ್ಟಲ್ಲೇ, ಟ್ರ್ಯಾಕ್ ಸೊನ್ನೆಯ ಮೇಲಿತ್ತು. ಡಿಸ್ಕಿನ ಕ್ಯಾಟಲಾಗ್, ಅಂದರೆ ಯಾವ ಕಡತ ಎಲ್ಲಿದೆ ಅನ್ನುವ ಪಟ್ಟಿ, ಇರುವುದು ಅಲ್ಲೇ.

ಕೇಬಲ್ ಸರಿ ಮಾಡಿ, ಆ ಪಟ್ಟಿ ತೋರಿಸುವ ಸ್ಟಾರ್ ಕ್ಯಾಟ್ ಕಮಾಂಡ್ ಕೊಟ್ಟೆ. 'ಡಿಸ್ಕ್ ಫಾಲ್ಟ್ 18'. ಸೆಕ್ಟರ್ (ಟ್ರ್ಯಾಕಿನ ಒಂದು ತುಂಡು) ಸಿಗಲಿಲ್ಲ ಅಂತ. ಬೇರೆ ಡಿಸ್ಕ್ ಹಾಕಿದೆ, ಈ ಸಲ ಸ್ಟಿಕ್ಕರ್ ಅಂಟಿಸಿ. ಕಡತಗಳ ಪಟ್ಟಿ ಟಕ್ ಅಂತ ಬಂತು. ಡ್ರೈವ್ 1 ಚೆನ್ನಾಗಿದೆ. ಖುಷಿ ಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಇರುವ 22ಕ್ಕೂ ಇನ್ಸುಲೇಶನ್ ಟೇಪ್ ಕತ್ತರಿಸಿ ಅಂಟಿಸಿ ಮಲಗಿದೆ. ಮಾವನಿಗೆ ಹೇಳಲಿಲ್ಲ.

ಜೂನ್ 1

ಡ್ರೈವ್ 0ರ ಬೆಲ್ಟ್. ಟೇಪ್ ರೆಕಾರ್ಡರ್ ರಿಪೇರಿ ಅಂಗಡಿಯಲ್ಲಿ 30 ರೂಪಾಯಿಗೆ ಒಂದು ಸಿಕ್ಕಿತು. ಆದರೆ ಅದು ಚೌಕದ್ದು, ಇಲ್ಲಿ ಬೇಕಾದ್ದು ಚಪ್ಪಟೆ ಪಟ್ಟಿ. ಎರಡು ನಿಮಿಷ ತಿರುಗಿ ಕಳಚಿಕೊಂಡಿತು. ಚಪ್ಪಟೆ ಬೆಲ್ಟನ್ನು ಇಂಗ್ಲೆಂಡಿನಿಂದ ತರಿಸಲು ಆರ್ಡರ್ ಹಾಕಿದೆ, ಅಂಚೆ ಸೇರಿ 1,150. ಬರುವವರೆಗೆ ಹಳೇ ಬೆಲ್ಟನ್ನೇ ಕುದಿಯುವ ನೀರಿನಲ್ಲಿ ಐದು ನಿಮಿಷ ಹಾಕಿದೆ. ರಬ್ಬರ್ ಸ್ವಲ್ಪ ಕುಗ್ಗುತ್ತದೆ, ಕೆಲವು ದಿನ ನಡೆಯುತ್ತದೆ.

ಈಗ ವೇಗ. ಡಿಸ್ಕ್ ನಿಮಿಷಕ್ಕೆ 300 ಸುತ್ತು ತಿರುಗಬೇಕು. ಅಳೆಯಲು ಡ್ರೈವಿನ ಅಡಿಯ ಚಕ್ರದ ಮೇಲೆ ಕಪ್ಪು ಬಿಳಿ ಗೆರೆಗಳ ಎರಡು ಬಳೆ ಅಚ್ಚು ಹಾಕಿದ್ದಾರೆ. ಕರೆಂಟಿನಲ್ಲಿ ಉರಿಯುವ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಆ ಬೆಳಕಿನಲ್ಲಿ ಗೆರೆಗಳು ನಿಂತ ಹಾಗೆ ಕಂಡರೆ ವೇಗ ಸರಿ. ನಮ್ಮ ಮನೆಯಲ್ಲಿ ಈಗ ಎಲ್ಲಾ ಎಲ್‌ಇಡಿ. ಕೆಳಮನೆಯವರ ಶೆಡ್ಡಿನಲ್ಲಿ ಚೋಕ್, ಸ್ಟಾರ್ಟರ್ ಇರುವ ಹಳೇ ಟ್ಯೂಬ್ ಉಳಿದಿತ್ತು. ಮಷೀನು, ಡ್ರೈವು ಎಲ್ಲಾ ಅಲ್ಲಿಗೆ ಹೊತ್ತೆ. ಸಣ್ಣ ಸ್ಕ್ರೂ ತಿರುಗಿಸುತ್ತಾ ಗೆರೆಗಳು ಓಡುವುದು ನಿಧಾನವಾಗಿ, ಕೊನೆಗೆ ನಿಂತವು. ನೋಡಲು ಜಾದೂ ಇದ್ದ ಹಾಗೆ.

ಜೂನ್ 8

ಡ್ರೈವ್ 0 ಒಂದು ಡಿಸ್ಕನ್ನೂ ಸರಿಯಾಗಿ ಓದಲಿಲ್ಲ. ಅಲ್ಲೊಂದು ಇಲ್ಲೊಂದು ಸೆಕ್ಟರ್ ಸಿಗುತ್ತದೆ, ಆಮೇಲೆ ಫಾಲ್ಟ್. ಮಾವ ಕೊಟ್ಟ ಡಬ್ಬಿಯಲ್ಲಿ ಯುಟಿಲಿಟಿ ಡಿಸ್ಕ್ ಇತ್ತು. ಅದರ ಫಾರ್ಮ್ಯಾಟ್ ಪ್ರೋಗ್ರಾಮನ್ನು ಡ್ರೈವ್ 1ರಿಂದ ಲೋಡ್ ಮಾಡಿ, ಖಾಲಿ ಡಿಸ್ಕೊಂದನ್ನು (ಹತ್ತರ ಪೆಟ್ಟಿಗೆ, 1,500) ಡ್ರೈವ್ 0ರಲ್ಲಿ ಫಾರ್ಮ್ಯಾಟ್ ಮಾಡಿದೆ. ಮಾಡಿತು. ಬರೆದದ್ದನ್ನು ಓದಿತು ಕೂಡ. ಅದೇ ಡಿಸ್ಕ್ ಡ್ರೈವ್ 1ಕ್ಕೆ ಹಾಕಿದರೆ ಫಾಲ್ಟ್.

ತಾನು ಬರೆದದ್ದನ್ನು ತಾನು ಓದುತ್ತದೆ, ಬೇರೆಯವರದ್ದು ಓದಲ್ಲ. ಹಾಗಾದರೆ ಹೆಡ್ ಅಲೈನ್‌ಮೆಂಟ್ (ಹೆಡ್ ಟ್ರ್ಯಾಕಿನ ನೇರಕ್ಕೆ ನಿಲ್ಲುವುದು) ತಪ್ಪಿದೆ ಅಂತ ತೀರ್ಮಾನಿಸಿದೆ. ಹೆಡ್ ಓಡಿಸುವ ಮೋಟರಿನ ಎರಡು ಸ್ಕ್ರೂ ಸಡಿಲಿಸಿ ಕೂದಲೆಳೆಯಷ್ಟು ತಿರುಗಿಸಬೇಕು. ಬುದ್ಧಿವಂತನಂತೆ, ಮೊದಲಿನ ಜಾಗಕ್ಕೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದುಕೊಂಡೇ ಸಡಿಲಿಸಿದೆ. ಅತ್ತ ತಿರುಗಿಸಿದೆ, ಇತ್ತ ತಿರುಗಿಸಿದೆ. ಏನೂ ಸುಧಾರಿಸಲಿಲ್ಲ. ಬೆರಳಿನ ಎಣ್ಣೆ ಮೋಟರಿಗೆ ಮೆತ್ತಿತ್ತು ಅಂತ ಆಲ್ಕೊಹಾಲ್ ಹಚ್ಚಿ ಒರೆಸಿದೆ.

ಮಾರ್ಕರ್ ಗೆರೆಯೂ ಹೋಯಿತು.

ಅಂಥ ಗುರುತನ್ನು ನೇಲ್ ಪಾಲಿಶ್‌ನಲ್ಲಿ ಮಾಡಬೇಕು, ಇಲ್ಲವೇ ಮೊಳೆಯಿಂದ ಗೀರಬೇಕು. ಆ ಸಂಜೆಯೇ ಗ್ರೀಸ್‌ವೀಸಲ್ ಬೋರ್ಡ್ ತರಿಸಲು ದುಡ್ಡು ಕಟ್ಟಿದೆ, 4,200. ಇದು ಹಳೇ ಫ್ಲಾಪಿ ಡ್ರೈವನ್ನು ಯುಎಸ್‌ಬಿ ಮೂಲಕ ಈಗಿನ ಕಂಪ್ಯೂಟರಿಗೆ ಜೋಡಿಸಿ, ಡಿಸ್ಕಿನ ಮೇಲಿನ ಕಾಂತದ ಗುರುತುಗಳನ್ನೇ ನೇರ ಓದುವ ಪುಟ್ಟ ಬೋರ್ಡ್.

ಜೂನ್ 15

ಬೋರ್ಡ್ ಬರುವವರೆಗೆ ಸುಮ್ಮನಿರಬಹುದಿತ್ತು. ಇರಲಿಲ್ಲ. ಡ್ರೈವ್ 1ರಲ್ಲಿ ಉಳಿದ ಡಿಸ್ಕ್‌ಗಳನ್ನು ಒಂದಾದ ಮೇಲೊಂದು ಹಾಕುತ್ತಾ ಹೋದೆ. ಐದನೆಯದು 'ಕರ್' ಅಂತ ಸದ್ದು ಮಾಡಿತು, ಓದಲಿಲ್ಲ. ತೆಗೆದು ಆರನೆಯದು ಹಾಕಿದೆ, ಅದೂ 'ಕರ್'. ಹೊರಗೆ ತೆಗೆದು ಬೆಳಕಿಗೆ ಹಿಡಿದರೆ, ಕಂದು ಮೇಲ್ಮೈಯ ಮೇಲೆ ಸುತ್ತ ಹೊಳೆಯುವ ಗೀರು. ಐದನೆಯದರ ಕಿಟಕಿಯಲ್ಲಿ ನೋಡಿದರೆ ಬೂಷ್ಟು. ಮಲೆನಾಡಿನ ಅಟ್ಟ, ಅಷ್ಟು ಮಳೆಗಾಲ; ಹಿಡಿಯದೆ ಇದ್ದೀತಾ? ಆ ಬೂಷ್ಟು ಹೆಡ್ಡಿಗೂ ಫೆಲ್ಟಿಗೂ ಮೆತ್ತಿ, ಮುಂದಿನ ಒಳ್ಳೇ ಡಿಸ್ಕನ್ನು ಮರಳು ಕಾಗದದಂತೆ ಉಜ್ಜಿತ್ತು.

ನಿಲ್ಲಿಸಿದೆ. ಎಲ್ಲವನ್ನೂ ಟಾರ್ಚ್ ಹಿಡಿದು, ಕೈಯಲ್ಲಿ ನಿಧಾನ ತಿರುಗಿಸಿ ನೋಡಿದೆ. 22ರಲ್ಲಿ ಏಳಕ್ಕೆ ಬೂಷ್ಟು. ತೊಳೆದ ರೀತಿ: ಕವರಿನ ಮೇಲಂಚನ್ನು ಬ್ಲೇಡಿನಿಂದ ಬಿಡಿಸು, ಒಳಗಿನ ತಟ್ಟೆಯನ್ನು ಮಧ್ಯದ ತೂತಿನಲ್ಲಿ ಹಿಡಿದು ತೆಗೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ (20 ರೂಪಾಯಿ), ಅದಕ್ಕೊಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಮೆತ್ತನೆ ಬಟ್ಟೆಯಿಂದ ಒರೆಸು, ಬರೀ ನೀರಲ್ಲಿ ಜಾಲಿಸು, ಒಂದು ದಿನ ಒಣಗಿಸು. ಹಳೇ ಕವರಿಗೆ ವಾಪಸ್ ಹಾಕಬೇಡಿ, ಅದರ ಒಳಬಟ್ಟೆಯಲ್ಲೂ ಬೂಷ್ಟು ಇರುತ್ತದೆ. ಹೊಸ ಡಿಸ್ಕೊಂದರ ಕವರ್ ತ್ಯಾಗ ಮಾಡಿ, ಏಳಕ್ಕೂ ಸರದಿಯಲ್ಲಿ ಅದನ್ನೇ ಬಳಸಿದೆ.

ಜೂನ್ 22

ಗ್ರೀಸ್‌ವೀಸಲ್ ಬಂತು, ಬೆಲ್ಟೂ ಬಂತು. ಹೊಸ ಬೆಲ್ಟ್ ಹಾಕಿ ಡ್ರೈವ್ 0ನ್ನು ಬೋರ್ಡಿಗೆ ಜೋಡಿಸಿದೆ. ಅದರಲ್ಲಿ ವೇಗ ಅಳೆಯುವ ಕಮಾಂಡ್ ಇದೆ. ಸುಮ್ನೆ ಕೊಟ್ಟು ನೋಡಿದೆ. 250.4.

ಐದು ನಿಮಿಷ ಆ ಅಂಕಿಯನ್ನೇ ನೋಡುತ್ತಾ ಕೂತೆ. ಚಕ್ರದ ಮೇಲೆ ಎರಡು ಬಳೆ ಇತ್ತು ಅಂದೆನಲ್ಲ. ಒಂದು ನಮ್ಮ 50 ಹರ್ಟ್ಸ್ ಕರೆಂಟಿಗೆ, ಇನ್ನೊಂದು ಅಮೆರಿಕದ 60 ಹರ್ಟ್ಸಿಗೆ. ಐವತ್ತರದ್ದರಲ್ಲಿ 20 ಗೆರೆ, ಅರವತ್ತರದ್ದರಲ್ಲಿ 24. ನಾನು ಶೆಡ್ಡಿನಲ್ಲಿ ನಿಲ್ಲಿಸಿದ್ದು 24ರದ್ದನ್ನು. ನೂರನ್ನು 24ರಿಂದ ಭಾಗಿಸಿ 60ರಿಂದ ಗುಣಿಸಿದರೆ ಸರಿಯಾಗಿ 250. ಡ್ರೈವ್ ತನ್ನದೇ ನಿಧಾನದಲ್ಲಿ ಬರೆದು, ಅದೇ ನಿಧಾನದಲ್ಲಿ ಓದುತ್ತಿತ್ತು. ಬೇರೆ ಡಿಸ್ಕ್ ಅದಕ್ಕೆ ಅರ್ಥವಾಗುವುದು ಹೇಗೆ? ಅಲೈನ್‌ಮೆಂಟ್ ಮೊದಲಿಂದ ಸರಿಯಾಗೇ ಇತ್ತು. ಕೆಡಿಸಿದ್ದು ನಾನು.

ಸ್ಕ್ರೂ ತಿರುಗಿಸಿ 300.1ಕ್ಕೆ ತಂದೆ. ಎರಡು ನಿಮಿಷ.

ಜೂನ್ 29

ಅಲೈನ್‌ಮೆಂಟ್ ವಾಪಸ್ ತರಲು ನಾಲ್ಕು ಗಂಟೆ. ಸಿಗ್ನಲ್‌ನ ಅಲೆ ತೋರಿಸುವ ಆಸಿಲೋಸ್ಕೋಪ್ ನನ್ನಲ್ಲಿ ಇಲ್ಲ. ಯುಟಿಲಿಟಿ ಡಿಸ್ಕನ್ನು ಮೊದಲು ಡ್ರೈವ್ 1ರಲ್ಲಿ ಪೂರ್ತಿ ಕಾಪಿ ತೆಗೆದಿಟ್ಟುಕೊಂಡು, ಅದನ್ನೇ ಅಳತೆಗೋಲು ಮಾಡಿಕೊಂಡೆ. ಟ್ರ್ಯಾಕಿಗೆ ಹತ್ತು ಸೆಕ್ಟರ್. ಗ್ರೀಸ್‌ವೀಸಲ್ ಪ್ರತಿ ಟ್ರ್ಯಾಕಿಗೂ ಹತ್ತರಲ್ಲಿ ಎಷ್ಟು ಸಿಕ್ಕಿತು ಅಂತ ತೋರಿಸುತ್ತದೆ. ಮೋಟರನ್ನು ಚೂರು ಎಡಕ್ಕೆ ತಿರುಗಿಸುತ್ತಾ 10 ಇದ್ದದ್ದು 7ಕ್ಕೆ ಇಳಿಯುವ ಜಾಗ ಗುರುತಿಸಿದೆ, ಹಾಗೇ ಬಲಕ್ಕೆ. ಎರಡರ ನಡುಮಧ್ಯಕ್ಕೆ ತಂದು ಸ್ಕ್ರೂ ಬಿಗಿದೆ. ಬಿಗಿಯುವಾಗ ಮೋಟರ್ ತಾನೇ ಚೂರು ಜರುಗುತ್ತದೆ, ಅದಕ್ಕೇ ಜಾಸ್ತಿ ಹೊತ್ತು ಹಿಡಿದದ್ದು. ಟ್ರ್ಯಾಕ್ 0, 20, 39 ಮೂರರಲ್ಲೂ ಹತ್ತಕ್ಕೆ ಹತ್ತು ಬಂದ ಮೇಲೆ ಹೆಂಡತಿಯ ಕೆಂಪು ನೇಲ್ ಪಾಲಿಶ್‌ನಿಂದ ಗುರುತು ಹಾಕಿದೆ.

ಅದೇ ರಾತ್ರಿ ಎಲ್ಲಾ ಡಿಸ್ಕ್ ಓದಿಸಿದೆ. 22ರಲ್ಲಿ 16 ಪೂರ್ತಿ. ನಾಲ್ಕರಲ್ಲಿ ಅಲ್ಲಲ್ಲಿ ಸೆಕ್ಟರ್ ಇಲ್ಲ, ನಾನು ಗೀರಿದ್ದೂ ಅದರಲ್ಲಿ ಒಂದು. ಬೂಷ್ಟಿನದ್ದೊಂದು ಪೂರ್ತಿ ಹೋಗಿದೆ. ಇನ್ನೊಂದು 'ಮಾರ್ಕ್ಸ್ 2'.

ಖರ್ಚು ಒಟ್ಟು 7,255 ರೂಪಾಯಿ.

ಜುಲೈ 6

'ಮಾರ್ಕ್ಸ್ 2'ರಲ್ಲಿ ಟ್ರ್ಯಾಕ್ ಸೊನ್ನೆ ಬಿಟ್ಟರೆ ಉಳಿದ 39 ಟ್ರ್ಯಾಕೂ ಹತ್ತಕ್ಕೆ ಹತ್ತು. ಅಂದರೆ ಪರಿವಿಡಿ ಹರಿದಿದೆ, ಪುಸ್ತಕ ಇದೆ. ಡಿಎಫ್‌ಎಸ್‌ನ ಒಂದು ಗುಣ ಕೈ ಹಿಡಿಯಿತು: ಅದು ಒಂದು ಕಡತವನ್ನು ತುಂಡು ಮಾಡಿ ಅಲ್ಲಲ್ಲಿ ಇಡುವುದಿಲ್ಲ, ಸಾಲಾಗಿ ಒಂದೇ ಕಡೆ ಇಡುತ್ತದೆ. ಎಲ್ಲಿ ಶುರು ಎಲ್ಲಿ ಕೊನೆ ಅಂತ ಗೊತ್ತಾದರೆ ಸಾಕು. ಕಡತಗಳ ಹೆಸರು 'ಮಾರ್ಕ್ಸ್ 1' ಡಿಸ್ಕಿನ ಬೇಸಿಕ್ ಪ್ರೋಗ್ರಾಮಿನಲ್ಲೇ ಇತ್ತು: ಎಂ8ಎ, ಎಂ8ಬಿ, ಎಂ9ಎ, ಒಂದೊಂದು ತರಗತಿಯ ಅಂಕಗಳಿಗೆ ಒಂದೊಂದು.

ಒಳಗಿನ ಅಕ್ಷರಗಳನ್ನು ತೆರೆದು ನೋಡಿದರೆ ಮೊದಲು ಕಂಡಿದ್ದು 'ಎ ಎನ್ ಇ ಇ ವಿ'. ಯಾವ ಭಾಷೆ ಇದು? ಸ್ವಲ್ಪ ಹೊತ್ತಿಗೆ ಬೆಳಕಾಯಿತು. ಈ ಮಷೀನಿನ ಪ್ರೋಗ್ರಾಮ್ ಭಾಷೆ, ಬಿಬಿಸಿ ಬೇಸಿಕ್, ಕಡತಕ್ಕೆ ಪದಗಳ ಅಕ್ಷರಗಳನ್ನು ಹಿಂದುಮುಂದಾಗಿ ಬರೆಯುತ್ತದೆ. ವೀಣಾ! ಅವಳ ಹಿಂದೆ ಇನ್ನೂ ಮೂರು ಹುಡುಗರು, ಆಮೇಲೆ 8ಬಿ ಶುರು. 8ಬಿ, 9ಎ ಪೂರ್ತಿ ಇದ್ದವು. 8ಎ ಕಡತದ ಮೊದಲ ಎಂಟು ಸೆಕ್ಟರ್ ಟ್ರ್ಯಾಕ್ ಸೊನ್ನೆಯಲ್ಲಿದ್ದದ್ದು, 2,048 ಬೈಟ್, 38 ಮಕ್ಕಳು. ಆ ಜಾಗಕ್ಕೆ 38 ಖಾಲಿ ದಾಖಲೆ ತುಂಬಿ, ಹೊಸ ಕ್ಯಾಟಲಾಗ್ ಬರೆದು, ಹೊಸ ಡಿಸ್ಕಿಗೆ ಇಳಿಸಿದೆ.

ಮಾವ ಮಧ್ಯಾಹ್ನದ ಬಸ್ಸಿಗೆ ಬಂದರು. ಊಟ ಕೂಡ ಮಾಡದೆ ಕೀಬೋರ್ಡ್ ಮುಂದೆ ಕೂತು, ಯಾರೂ ಹೇಳಿಕೊಡದೆ ಶಿಫ್ಟ್ ಹಿಡಿದು ಬ್ರೇಕ್ ಒತ್ತಿದರು. ಪ್ರೋಗ್ರಾಮ್ ಬಂತು, ತರಗತಿ ಕೇಳಿತು, ರೋಲ್ ನಂಬರ್ ಕೇಳಿತು. 8ಎ, 1 ಅಂತ ಹೊಡೆದರು. ಖಾಲಿ. 2. ಖಾಲಿ. 15. ಖಾಲಿ.

"ಎಂತ ಮಾರಾಯ, ಯಾರೂ ಸ್ಕೂಲಿಗೆ ಬಂದಿಲ್ವಾ ಇವತ್ತು?"

"39 ಹಾಕಿ ಮಾವ" ಅಂದೆ. ವೀಣಾ, ಗಣಿತ 71. ಆಮೇಲೆ ಕೇಬಲ್ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು, ಏನೂ ಅನ್ನಲಿಲ್ಲ. ಡ್ರೈವಿನಿಂದ ಡಿಸ್ಕ್ ತೆಗೆದು, ಅಂಚಿನ ಕಚ್ಚಿಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಹೊಸದಕ್ಕೂ ನಾನು ಟೇಪ್ ಅಂಟಿಸಿರಲಿಲ್ಲ.

"ಟೇಪ್ ಎಲ್ಲಿದೆ ಕೊಡು" ಅಂದರು.